ವಿಂಡೋಸ್ 98 ಯಂತ್ರದಲ್ಲಿ ನೆಟ್‌ವರ್ಕ್ ಕ್ಲೈಂಟ್ ಕೂತಿದೆ, ಆದರೆ ನೆಟ್‌ವರ್ಕ್ ನೇಬರ್‌ಹುಡ್ ಖಾಲಿ

ಅಚ್ಚುಮೊಳೆ, ಚಾಮರಾಜಪೇಟೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ ಇತ್ಯಾದಿಗಳನ್ನು ಅಚ್ಚು ಹಾಕುವ ಸಣ್ಣ ಮುದ್ರಣಾಲಯ. ಹಳೆಯ ಪುಟವಿನ್ಯಾಸಗಳೆಲ್ಲ ವಿಂಡೋಸ್ 98 ಸೆಕೆಂಡ್ ಎಡಿಷನ್ ಇರುವ ಒಂದು ಪೆಂಟಿಯಂ ಯಂತ್ರದಲ್ಲಿವೆ. ಅದರಲ್ಲಿರುವ ಕನ್ನಡ ಅಕ್ಷರಜೋಡಣೆಯ ತಂತ್ರಾಂಶವು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ತೆರೆದುಕೊಳ್ಳುವುದಿಲ್ಲವಾದ್ದರಿಂದ ಯಂತ್ರವನ್ನು ಬದಲಿಸುವ ಮಾತೇ ಇಲ್ಲ. ಅದರಲ್ಲಿ ಯುಎಸ್‌ಬಿ ಪೋರ್ಟ್ ಇಲ್ಲ. ಇಷ್ಟು ದಿನ ಕಡತಗಳನ್ನು ಫ್ಲಾಪಿಯಲ್ಲಿ ಸಾಗಿಸುತ್ತಿದ್ದೆವು. ಈಗ ಓದಬಲ್ಲ ಫ್ಲಾಪಿ ಸಿಗುವುದೇ ಕಷ್ಟವಾಗಿದೆ.

ಹೀಗಾಗಿ ಎಸ್.ಪಿ. ರಸ್ತೆಯಿಂದ ಎನ್‌ಇ2000 ಎಂಬ ಮಾದರಿಗೆ ಹೊಂದುವ, ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನ ಒಂದು ನೆಟ್‌ವರ್ಕ್ ಕಾರ್ಡ್ ತಂದು ಕೂರಿಸಿದ್ದೇನೆ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕಿಟಕಿಯಲ್ಲಿ ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್ (ಬೇರೆ ಯಂತ್ರಗಳು ಹಂಚಿದ ಫೋಲ್ಡರುಗಳನ್ನು ತಲುಪುವ ಭಾಗ) ಮತ್ತು ಟಿಸಿಪಿ/ಐಪಿ (ಯಂತ್ರಗಳು ಮಾತಾಡಿಕೊಳ್ಳುವ ನಿಯಮ) ಎರಡೂ ಕಾಣುತ್ತವೆ. ವಿಳಾಸವನ್ನು 192.168.1.50 ಎಂದು ಕೈಯಾರೆ ಕೊಟ್ಟಿದ್ದೇನೆ. ಒಂದು ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆ ಕೊಟ್ಟರೆ, ಯಂತ್ರ ತನ್ನನ್ನೇ ಕರೆಯುವ 127.0.0.1 ಉತ್ತರಿಸುತ್ತದೆ, ಪಿಂಗ್ 192.168.1.50 ಕೂಡ ಉತ್ತರಿಸುತ್ತದೆ, ಕಾರ್ಡಿನ ಹಸಿರು ದೀಪವೂ ಉರಿಯುತ್ತದೆ. ಆದರೆ ಕಚೇರಿಯ ವಿಂಡೋಸ್ 11 ಯಂತ್ರಕ್ಕೆ ಪಿಂಗ್ ಮಾಡಿದರೆ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬರುತ್ತದೆ, ನೆಟ್‌ವರ್ಕ್ ನೇಬರ್‌ಹುಡ್ ತೆರೆದರೆ ಒಳಗೆ ಏನೂ ಇಲ್ಲ. ಕ್ಲೈಂಟನ್ನು ತೆಗೆದು ಮತ್ತೆ ಹಾಕಿದರೂ ಫಲ ಅದೇ, ಮತ್ತು ಪ್ರತಿ ಬಾರಿಯೂ ಯಂತ್ರವು ವಿಂಡೋಸ್ ಸಿಡಿಯನ್ನು ಕೇಳುತ್ತದೆ. ಬಿಲ್ ಬರೆಯಲು ಡಾಸ್ 6.22 ಮತ್ತು ಫಾಕ್ಸ್‌ಪ್ರೊ ಇರುವ ಇನ್ನೊಂದು ಯಂತ್ರವಿದ್ದು, ಅದನ್ನೂ ಮುಂದೆ ಸೇರಿಸುವ ಆಸೆಯಿದೆ. ಕ್ಲೈಂಟಿನಲ್ಲಿ ನಾನು ನೋಡಬೇಕಾದ ಯಾವ ಆಯ್ಕೆ ತಪ್ಪಿಹೋಗಿರಬಹುದು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ತಂತಿಜಾಲ, ಬಸವನಗುಡಿ:

ಅಚ್ಚುಮೊಳೆಯವರೇ, ನೀವು ಕೊಟ್ಟ ಲಕ್ಷಣಗಳನ್ನು ನೋಡಿದರೆ ದೋಷ ಕ್ಲೈಂಟಿನವರೆಗೆ ಇನ್ನೂ ಬಂದೇ ಇಲ್ಲ. ಸ್ವಂತ ವಿಳಾಸಕ್ಕೆ ಮಾಡಿದ ಪಿಂಗ್ ಕಾರ್ಡನ್ನು ಮುಟ್ಟುವುದಿಲ್ಲ; ಅದು ಯಂತ್ರದೊಳಗೇ ತಿರುಗಿ ಬರುವುದರಿಂದ ಟಿಸಿಪಿ/ಐಪಿ ಸರಿಯಾಗಿ ಕೂತಿದೆ ಎಂಬುದನ್ನಷ್ಟೇ ಹೇಳುತ್ತದೆ. ಹಸಿರು ದೀಪವೂ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಸ್ವಿಚ್ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು, ಕಾರ್ಡು ಮತ್ತು ವಿಂಡೋಸ್ ಮಾತಾಡುತ್ತಿವೆ ಎಂಬುದಕ್ಕಲ್ಲ.

ಐಎಸ್‌ಎ ಕಾರ್ಡುಗಳ ಮಾಮೂಲಿ ತಕರಾರು ಐಆರ್‌ಕ್ಯೂ, ಅಂದರೆ ಕಾರ್ಡು ಪ್ರೊಸೆಸರನ್ನು ಕರೆಯಲು ಬಳಸುವ ಸಂಖ್ಯೆಯ ಗೆರೆ. ಎನ್‌ಇ2000 ಜಾತಿಯ ಕಾರ್ಡುಗಳು ಬಹುತೇಕ ಹೆಕ್ಸ್ 300ರ ಐ/ಓ ವಿಳಾಸ ಮತ್ತು ಐಆರ್‌ಕ್ಯೂ 3ಕ್ಕೆ ಹೊಂದಿಸಿಕೊಂಡೇ ಬರುತ್ತವೆ, ಆದರೆ ಐಆರ್‌ಕ್ಯೂ 3 ಸಾಮಾನ್ಯವಾಗಿ ಕಾಮ್2 ಪೋರ್ಟಿನ ಸ್ವತ್ತು. ಐಆರ್‌ಕ್ಯೂ ತಪ್ಪಿದ್ದಾಗ ಕಾರ್ಡು ಪ್ಯಾಕೆಟ್ಟನ್ನು ಹೊರಗೆ ಕಳಿಸಿದರೂ, ಉತ್ತರ ಬಂದಿದೆ ಎಂದು ಪ್ರೊಸೆಸರಿಗೆ ಕೂಗಿ ಹೇಳುವ ದಾರಿ ಇರುವುದಿಲ್ಲವಾದ್ದರಿಂದ, ಹೊರಗಿನಿಂದ ನೋಡುವವರಿಗೆ ನೀವು ವಿವರಿಸಿದಂತೆಯೇ ಎಲ್ಲವೂ ಸರಿಯಿದ್ದು ಉತ್ತರ ಮಾತ್ರ ಬರದಂತೆ ಕಾಣುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೇಲ್ತುದಿಯ ಕಂಪ್ಯೂಟರ್ ಎಂಬ ಸಾಲನ್ನು ಎರಡು ಬಾರಿ ಒತ್ತಿದರೆ ಯಾವ ಐಆರ್‌ಕ್ಯೂ ಯಾರ ಬಳಿ ಇದೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. 5ನ್ನು ಸೌಂಡ್ ಕಾರ್ಡ್ ಹಿಡಿದಿರಬಹುದು, 7 ಪ್ರಿಂಟರ್ ಪೋರ್ಟಿನದು, ಅಲ್ಲಿ ನಿಮ್ಮ ಡಾಂಗಲ್ ಇರುವುದರಿಂದ ಅದನ್ನು ಮುಟ್ಟಲೇಬೇಡಿ. 10 ಅಥವಾ 11 ಖಾಲಿ ಇದ್ದರೆ ಅದನ್ನೇ ಆರಿಸಿ.

ವಿಂಡೋಸಿನಲ್ಲಿ ಸಂಖ್ಯೆ ಬದಲಿಸಿದ ಮಾತ್ರಕ್ಕೆ ಕಾರ್ಡು ಬದಲಾಗುವುದಿಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಕಾರ್ಡಿನ ಮೇಲೆ ಜಂಪರ್ (ಪಿನ್ನುಗಳನ್ನು ಜೋಡಿಸುವ ಪುಟ್ಟ ತುಂಡು) ಇದ್ದರೆ ಅದನ್ನು ಸರಿಸಬೇಕು. ಇಲ್ಲದಿದ್ದರೆ ಆ ಚಿಪ್ಪಿನ ಡಾಸ್ ಸೆಟಪ್ ಪ್ರೋಗ್ರಾಮನ್ನು ಶುದ್ಧ ಡಾಸ್‌ನಲ್ಲಿ ಓಡಿಸಿ, ಪ್ಲಗ್ ಅಂಡ್ ಪ್ಲೇ ಸ್ಥಿತಿಯಿಂದ ಜಂಪರ್‌ಲೆಸ್ ಸ್ಥಿತಿಗೆ ತಂದು, 300 ಮತ್ತು 10 ಎಂದು ಬರೆಸಬೇಕು. ನಿಮ್ಮ ಕಾರ್ಡಿನ ಚಿಪ್ಪಿನ ಮೇಲೆ ಆರ್‌ಟಿಎಲ್8019 ಎಂದಿದ್ದರೆ ಆ ಪ್ರೋಗ್ರಾಮಿನ ಹೆಸರು ಆರ್‌ಸೆಟ್8019. ಆಮೇಲೆ ಬಯಾಸ್‌ನಲ್ಲಿ ಐಆರ್‌ಕ್ಯೂ 10ನ್ನು ಲೆಗಸಿ ಐಎಸ್‌ಎಗೆ ಮೀಸಲಿಡದಿದ್ದರೆ ಯಾವುದಾದರೂ ಪಿಸಿಐ ಕಾರ್ಡ್ ಅದನ್ನು ಕಬಳಿಸುವ ಸಾಧ್ಯತೆ ಇದೆ. ಇಷ್ಟಾದ ಮೇಲೆ ಸೇಫ್ ಮೋಡಿನಲ್ಲಿ ಹಳೆಯ ಅಡಾಪ್ಟರ್ ಸಾಲುಗಳನ್ನೆಲ್ಲ ಅಳಿಸಿ, ನೋವೆಲ್/ಆಂಥೆಮ್ ಪಟ್ಟಿಯ ಎನ್‌ಇ2000 ಕಂಪ್ಯಾಟಿಬಲ್ ಆರಿಸಿ, ರಿಸೋರ್ಸಸ್ ಪುಟದಲ್ಲಿ ಅದೇ ಸಂಖ್ಯೆಗಳನ್ನು ಕೊಡಿ.

ಸಿಡಿ ಕೇಳುವ ಕಿರಿಕಿರಿಗೆ, ಸಿಡಿಯ ವಿನ್98 ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಆ ದಾರಿಯನ್ನು ತೋರಿಸಿದರೆ ಸಾಕು. ಹಾಗೆ ನಕಲಾಗುವಾಗ, ಈಗಿರುವ ಕಡತ ಹೊಸದು, ಅದನ್ನೇ ಉಳಿಸಿಕೊಳ್ಳಲೇ ಎಂಬ ಪ್ರಶ್ನೆ ಬಂದರೆ ಹೌದು ಎನ್ನಿ. ಇನ್ನೊಂದು ಮಾತು. ನೆಟ್‌ವರ್ಕ್ ಕಿಟಕಿಯಲ್ಲಿ ಟಿಸಿಪಿ/ಐಪಿ ಎರಡು ಸಾಲುಗಳಲ್ಲಿ ಕಾಣಬಹುದು, ಒಂದು ಡಯಲ್-ಅಪ್ ಅಡಾಪ್ಟರಿಗೆ, ಇನ್ನೊಂದು ಕಾರ್ಡಿಗೆ. ವಿಳಾಸ ಕಾರ್ಡಿನ ಸಾಲಿನಲ್ಲೇ ಇರಬೇಕು.

ಕೊನೆಗೆ, ಪರೀಕ್ಷೆಗಾಗಿ ವಿಂಡೋಸ್ 11 ಯಂತ್ರವನ್ನಲ್ಲ, ರೂಟರನ್ನು ಪಿಂಗ್ ಮಾಡಿ. ಹೊಸ ವಿಂಡೋಸಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದೆ ಸುಮ್ಮನಿರಬಹುದು, ಆಗ ನೀವು ಸರಿಯಿರುವ ಕಾರ್ಡನ್ನು ಸಂಶಯಿಸುತ್ತ ಕೂರಬೇಕಾಗುತ್ತದೆ.

ಅಚ್ಚುಮೊಳೆ:

ತಂತಿಜಾಲ ಅವರಿಗೆ ಧನ್ಯವಾದಗಳು. ಕಾರ್ಡು ಐಆರ್‌ಕ್ಯೂ 3ರಲ್ಲೇ ಇತ್ತು. ಸೆಟಪ್ ಪ್ರೋಗ್ರಾಮಿನಲ್ಲಿ 10ಕ್ಕೆ ಬದಲಿಸಿ, ಬಯಾಸ್‌ನಲ್ಲಿ ಮೀಸಲಿಟ್ಟ ಕೂಡಲೇ ರೂಟರು ಉತ್ತರಿಸಿತು. ವಿಂಡೋಸ್ 11 ಯಂತ್ರ ಪಿಂಗಿಗೆ ಈಗಲೂ ಉತ್ತರಿಸುವುದಿಲ್ಲ. ಆದರೆ ಪಿಂಗ್ ಮಾಡಿದ ಕೂಡಲೇ ಎಆರ್‌ಪಿ ಆಜ್ಞೆಗೆ ‘-ಎ’ ಸೇರಿಸಿ ಕೊಟ್ಟರೆ ಅದರ ಭೌತಿಕ ವಿಳಾಸ ಪಟ್ಟಿಯಲ್ಲಿ ಕಾಣುತ್ತಿರುವುದರಿಂದ, ದಾರಿ ತೆರೆದಿದೆ, ಬಾಗಿಲು ಮಾತ್ರ ಮುಚ್ಚಿದೆ ಎಂದು ಅರ್ಥ ಮಾಡಿಕೊಂಡಿದ್ದೇನೆ. ಆ ಯಂತ್ರದಲ್ಲಿ ಒಂದು ಫೋಲ್ಡರನ್ನು ಹಂಚಿದ್ದೇನೆ, ಆದರೆ 98ರಿಂದ ಅದಕ್ಕೆ ಹೋಗಲು ಆಗುತ್ತಿಲ್ಲ. ಗೆಳೆಯರೊಬ್ಬರು ವಿಂಡೋಸ್ 11ರಲ್ಲಿ ಎಸ್‌ಎಂಬಿ1 ಎಂಬ ಹಳೆಯ ಫೋಲ್ಡರ್ ಹಂಚಿಕೆಯ ವಿಧಾನವನ್ನು ಹಾಕಿಕೊಂಡರೆ ಆಯಿತು ಎನ್ನುತ್ತಾರೆ. ಹಾಕಬಹುದೇ?

ಏಳುಸುತ್ತು, ಮಲ್ಲೇಶ್ವರ:

ಹಾಕಬೇಡಿ. ಅದರಿಂದ ನಿಮ್ಮ ಕೆಲಸವೂ ಆಗುವುದಿಲ್ಲ, ಕಚೇರಿಯ ಲೆಕ್ಕಪತ್ರ ಇರುವ ಯಂತ್ರವೂ ಅಪಾಯಕ್ಕೆ ಬೀಳುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ, ಕಡತಗಳನ್ನು ಬೀಗ ಹಾಕಿ ಹಣ ಕೇಳುವ ವಾನ್ನಕ್ರೈ ಒಳನುಗ್ಗಿದ್ದು ಎಸ್‌ಎಂಬಿ1ರ ಬಿರುಕಿನಿಂದಲೇ. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709ನೇ ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಅದು ತಾನಾಗಿ ಬರುವುದಿಲ್ಲ.

ಅದನ್ನು ಒತ್ತಾಯದಿಂದ ಹಾಕಿದರೂ ಗುಪ್ತಪದದ ಹಂತದಲ್ಲಿ ನಿಲ್ಲುತ್ತೀರಿ. ವಿಂಡೋಸ್ 98ರ ಮೂಲ ಕ್ಲೈಂಟಿಗೆ ಗೊತ್ತಿರುವುದು ಹಳೆಯ ಲ್ಯಾನ್ ಮ್ಯಾನೇಜರ್ ವಿಧಾನ ಒಂದೇ. ಅದರಲ್ಲಿ ಗುಪ್ತಪದ 14 ಅಕ್ಷರ ಮೀರುವಂತಿಲ್ಲ, ಎಲ್ಲ ಅಕ್ಷರಗಳೂ ದೊಡ್ಡಕ್ಷರಗಳಾಗಿ ಮಾರ್ಪಟ್ಟು, ಏಳೇಳರ ಎರಡು ತುಂಡುಗಳಾಗಿ ಗೂಢಲಿಪಿಗೊಳ್ಳುತ್ತವೆ. ಹೀಗಾಗಿ ಅದನ್ನು ಒಡೆಯುವುದು ಇಂದಿನ ಯಂತ್ರಗಳಿಗೆ ಎಡಗೈ ಕೆಲಸ. ವಿಸ್ಟಾದಿಂದ ಈಚಿನ ವಿಂಡೋಸ್‌ಗಳು ಆ ಬಗೆಯ ಹ್ಯಾಶನ್ನು (ಗೂಢಲಿಪಿಗೊಂಡ ಗುಪ್ತಪದ) ತಾವಾಗಿ ಸಂಗ್ರಹಿಸಿಡುವುದೇ ಇಲ್ಲವಾದ್ದರಿಂದ ನೀವು ಸರಿಯಾದ ಗುಪ್ತಪದ ಕೊಟ್ಟರೂ ಐಪಿಸಿ ಡಾಲರ್ ಎಂಬ ಸಂಪನ್ಮೂಲಕ್ಕೆ ಗುಪ್ತಪದ ಬೇಕು ಎಂಬ ಚೌಕ ಮತ್ತೆ ಮತ್ತೆ ಎದುರಾಗುತ್ತದೆ.

ಹಂಚಿದ ಫೋಲ್ಡರೇ ಬೇಕೆಂದಿದ್ದರೆ, ಎರಡು ನೆಟ್‌ವರ್ಕ್ ಕಾರ್ಡುಗಳಿರುವ ಒಂದು ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿ, ವಿಂಡೋಸ್ ಯಂತ್ರಗಳಿಗೆ ಫೋಲ್ಡರ್ ಹಂಚುವ ಸಾಂಬಾ ತಂತ್ರಾಂಶ ಓಡಿಸಿ. ಒಂದು ಕಾರ್ಡು ಕಚೇರಿಯ ಕಡೆಗೆ, ಇನ್ನೊಂದು ಹಳೆಯ ಯಂತ್ರಗಳ ಬೇರೆಯದೇ ಸ್ವಿಚ್ಚಿಗೆ. ನಡುವೆ ಪ್ಯಾಕೆಟ್ ದಾಟಿಸುವ ವ್ಯವಸ್ಥೆ ಬೇಡ, ಹಳೆಯ ಕಡೆಗೆ ಗೇಟ್‌ವೇ ವಿಳಾಸವೂ ಬೇಡ. 2019ರ ಸಾಂಬಾ 4.11ರಿಂದ ಎಸ್‌ಎಂಬಿ1 ಅಲ್ಲಿಯೂ ಮುಚ್ಚಿರುತ್ತದೆ. ಸರ್ವರ್ ಮಿನ್ ಪ್ರೋಟೋಕಾಲ್ ಎಂಬುದನ್ನು ಎನ್‌ಟಿ1ಕ್ಕೆ (ಎಸ್‌ಎಂಬಿ1ಕ್ಕೆ ಅಲ್ಲಿರುವ ಹೆಸರು) ಇಳಿಸಿ, ಲ್ಯಾನ್‌ಮ್ಯಾನ್ ಆಥ್ ಮತ್ತು ಎನ್‌ಟಿಎಲ್‌ಎಂ ಆಥ್ ಎರಡನ್ನೂ ಯೆಸ್ ಮಾಡಿದ ನಂತರ ಆ ಖಾತೆಯ ಗುಪ್ತಪದವನ್ನು ಮತ್ತೊಮ್ಮೆ ಹೊಸದಾಗಿ ಕೊಡಬೇಕು. ಇಲ್ಲದಿದ್ದರೆ ಹಳೆಯ ಬಗೆಯ ಹ್ಯಾಶ್ ಅಲ್ಲಿ ಇರುವುದೇ ಇಲ್ಲ. ಆ ಗುಪ್ತಪದವನ್ನು ಬೇರೆಲ್ಲೂ ಬಳಸಬೇಡಿ.

98ರ ಕಡೆ ಒಂದು ಅಭ್ಯಾಸವನ್ನು ಗಮನಿಸಿ. ಯಂತ್ರ ಏಳುವಾಗ ಬರುವ ಗುಪ್ತಪದದ ಚೌಕವನ್ನು ನಮ್ಮಲ್ಲಿ ಬಹಳ ಮಂದಿ ಎಸ್ಕೇಪ್ ಒತ್ತಿ ಓಡಿಸುತ್ತಾರೆ. ಡೆಸ್ಕ್‌ಟಾಪ್ ಏನೋ ಬರುತ್ತದೆ, ಆದರೆ ಕ್ಲೈಂಟು ಯಾರ ಹೆಸರಿನಲ್ಲೂ ನೆಟ್‌ವರ್ಕಿಗೆ ಲಾಗಿನ್ ಆಗಿರುವುದಿಲ್ಲ, ನೇಬರ್‌ಹುಡ್ ಖಾಲಿ ಕಾಣುವುದಕ್ಕೆ ಅದೂ ಒಂದು ಕಾರಣ. ಸಾಂಬಾದಲ್ಲಿರುವ ಹೆಸರನ್ನೇ ಅಲ್ಲಿ ಕೊಟ್ಟು ಒಳಗೆ ಬನ್ನಿ. ಹಿಂದಿನವರು ಇಟ್ಟ ಗುಪ್ತಪದ ನೆನಪಿಲ್ಲದಿದ್ದರೆ ವಿಂಡೋಸ್ ಫೋಲ್ಡರಿನಲ್ಲಿ ಆ ಹೆಸರಿನ ಪಿಡಬ್ಲ್ಯುಎಲ್ ಕಡತವನ್ನು ತೆಗೆದರೆ ಹೊಸದನ್ನು ಕೇಳುತ್ತದೆ.

ಕರಿಪರದೆ, ರಾಜಾಜಿನಗರ:

ಏಳುಸುತ್ತು ಅವರು ಹೇಳಿದ ಏರ್ಪಾಡು ಸರಿಯಾದದ್ದೇ, ಆದರೆ ಈ ಮುದ್ರಣಾಲಯಕ್ಕೆ ಅಷ್ಟು ಬೇಕೇ ಎಂಬುದು ನನ್ನ ಅನುಮಾನ. ಮುಗಿದ ಪುಟಗಳನ್ನು ಅಲ್ಲಿಂದ ಇಲ್ಲಿಗೆ ಕಳಿಸುವುದಷ್ಟೇ ಉದ್ದೇಶವಾದರೆ ಕಡತ ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಸಾಕು. ಅದಕ್ಕೆ ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್ ಕೂಡ ಬೇಡ, ಟಿಸಿಪಿ/ಐಪಿ ಇದ್ದರಾಯಿತು. ವಿಂಡೋಸ್ 98ರಲ್ಲೇ ಎಫ್‌ಟಿಪಿ ಆಜ್ಞೆ ಇದೆ. ಅದೇ ಲಿನಕ್ಸ್ ಯಂತ್ರದಲ್ಲಿ ಎಫ್‌ಟಿಪಿ ಸರ್ವರ್ ನಡೆಸಿ, ಒಂದೇ ಫೋಲ್ಡರಿಗೆ ಸೀಮಿತವಾದ ಖಾತೆ ಕೊಡಿ. ಎಫ್‌ಟಿಪಿಯಲ್ಲಿ ಗುಪ್ತಪದ ಮರೆಯಿಲ್ಲದೆ ಹೋಗುವುದರಿಂದ ಹಳೆಯ ಯಂತ್ರಗಳ ಸ್ವಿಚ್ಚನ್ನು ಪ್ರತ್ಯೇಕ ಇಡಬೇಕೆಂಬ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಎರಡು ಎಚ್ಚರಿಕೆಗಳಿವೆ. ಆ ಆಜ್ಞೆ ಪ್ರಾರಂಭವಾಗುವುದು ಆಸ್ಕಿ ಸ್ಥಿತಿಯಲ್ಲಿ. ಲಾಗಿನ್ ಆದ ಕೂಡಲೇ ಬೈನರಿ ಎಂದು ಟೈಪ್ ಮಾಡದಿದ್ದರೆ, ಸಾಲು ಮುಗಿಯುವ ಗುರುತುಗಳು ದಾರಿಯಲ್ಲಿ ಬದಲಾಗಿ, ಕಳಿಸಿದ ಪುಟ ಆ ಕಡೆ ತೆರೆಯುವುದಿಲ್ಲ. ಕಡತದ ಗಾತ್ರ ಕೆಲವೇ ಬೈಟುಗಳಷ್ಟು ವ್ಯತ್ಯಾಸವಾಗಿರುವುದನ್ನು ಕಂಡರೆ ಇದೇ ಕಾರಣ ಎಂದು ತಿಳಿಯಿರಿ. ಮತ್ತೆ, ವಿಂಡೋಸ್ 11ರಲ್ಲಿ ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು 98 ಓದಲಾರದು, ಆದ್ದರಿಂದ ಹಳೆಯ ಕಡೆಗೆ ಹೋಗುವ ಕಡತಗಳಿಗೆಲ್ಲ ಎಂಟು ಅಕ್ಷರ ಮೀರದ ಇಂಗ್ಲಿಷ್ ಹೆಸರು ಕೊಡುವುದು ಕ್ಷೇಮ.

ಡಾಸ್ ಯಂತ್ರಕ್ಕೂ ಇದೇ ದಾರಿ ಹಗುರ. ಡಾಸ್‌ಗಾಗಿ ಬಂದ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0 ಕೆಲಸ ಮಾಡುತ್ತದೆ ನಿಜ, ಆದರೆ ಟಿಸಿಪಿ/ಐಪಿ ಸಮೇತ ಕೂತರೆ 640 ಕೆಬಿಯೊಳಗಿನ ಜಾಗವನ್ನು ಧಾರಾಳವಾಗಿ ನುಂಗುತ್ತದೆ, ಆಮೇಲೆ ಫಾಕ್ಸ್‌ಪ್ರೊ ಮೆಮೊರಿ ಸಾಲದು ಎಂದು ಗೊಣಗಬಹುದು. ಎರರ್ 33, ಅನೇಬಲ್ ಟು ಬೈಂಡ್ ಎಂಬ ಸಂದೇಶವೂ ಅದರ ಖ್ಯಾತ ಕೊಡುಗೆ. ಅದು ಕಂಡಾಗ ಮೊದಲು ನೋಡಬೇಕಾದದ್ದು ಪ್ರೋಟೋಕಾಲ್.ಐಎನ್‌ಐ ಕಡತದಲ್ಲಿ ಬರೆದ ಐಆರ್‌ಕ್ಯೂ ಮತ್ತು ಐ/ಓ ವಿಳಾಸ ಕಾರ್ಡಿನಲ್ಲಿರುವುದರ ಜೊತೆ ಹೊಂದುತ್ತದೆಯೇ ಎಂಬುದನ್ನು. ಮೈಕಲ್ ಬ್ರಟ್‌ಮನ್ ಅವರು ಬರೆದ ಎಂಟಿಸಿಪಿ ಎಂಬ ಉಚಿತ ಕಟ್ಟಿನಲ್ಲಿ ಡಿಎಚ್‌ಸಿಪಿ, ಪಿಂಗ್, ಎಫ್‌ಟಿಪಿ ಎಲ್ಲ ಬಿಡಿ ಪ್ರೋಗ್ರಾಮುಗಳಾಗಿವೆ. ಕಾರ್ಡಿನ ಪ್ಯಾಕೆಟ್ ಡ್ರೈವರ್ ಒಂದೇ ಮೆಮೊರಿಯಲ್ಲಿ ಉಳಿಯುತ್ತದೆ, ಉಳಿದವು ಕೆಲಸ ಮುಗಿಸಿ ಹೊರಡುತ್ತವೆ. ಎನ್‌ಇ2000 ಪ್ಯಾಕೆಟ್ ಡ್ರೈವರಿಗೆ ಹೆಕ್ಸ್ 60, ನಂತರ ಐಆರ್‌ಕ್ಯೂ, ನಂತರ ಹೆಕ್ಸ್ 300 ಎಂದು ಅದೇ ಕ್ರಮದಲ್ಲಿ ಕೊಟ್ಟು, ಎಂಟಿಸಿಪಿಸಿಎಫ್‌ಜಿ ಎಂಬ ಎನ್ವಿರಾನ್‌ಮೆಂಟ್ ಹೆಸರಿಗೆ ಅದರ ಕಾನ್ಫಿಗರೇಷನ್ ಕಡತದ ದಾರಿಯನ್ನು ಹೊಂದಿಸಿ. ದಿನದ ಕೊನೆಗೆ ಫಾಕ್ಸ್‌ಪ್ರೊ ಬಿಲ್ಲುಗಳನ್ನು ಇಡುವ ಡಿಬಿಎಫ್ ಕಡತಗಳನ್ನು ಲಿನಕ್ಸ್ ಯಂತ್ರಕ್ಕೆ ನಕಲು ಮಾಡುವ ಬ್ಯಾಚ್ ಕಡತ ಬರೆಯುವುದಾದರೆ, ಫಾಕ್ಸ್‌ಪ್ರೊದಿಂದ ಹೊರಬಂದ ಮೇಲಷ್ಟೇ ಅದು ಓಡುವಂತೆ ನೋಡಿಕೊಳ್ಳಿ, ಏಕೆಂದರೆ ತೆರೆದಿರುವ ಡಿಬಿಎಫ್‌ನ ನಕಲಿನಲ್ಲಿ ಕೊನೆಯ ಕೆಲವು ಬಿಲ್ಲುಗಳು ಇಲ್ಲದೇ ಹೋಗಬಹುದು.

ಅಂದಹಾಗೆ ಇಂಥ 10 ಎಂಬಿಪಿಎಸ್ ಕಾರ್ಡುಗಳನ್ನು ಈಚಿನ ಕೆಲವು 2.5 ಗಿಗಾಬಿಟ್ ಸ್ವಿಚ್ಚುಗಳು ಗುರುತಿಸುವುದೇ ಇಲ್ಲ. ಹಳೆಯ ಯಂತ್ರಗಳ ಸ್ವಿಚ್ಚನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲೆ 10/100 ಎಂದು ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.