ಮನೆಯಲ್ಲಿ ಹೆರಿಗೆ ಮಾಡಿಸಲು ಸರ್ಕಾರದ ನೆರವು ಸಿಗುತ್ತದೆಯೇ?

ಪ್ರಶ್ನೆ (ಸಕಲೇಶಪುರ ತಾಲ್ಲೂಕಿನಿಂದ)
ನನ್ನ ತಂಗಿಗೆ ಈಗ ಎಂಟನೆಯ ತಿಂಗಳು. ಚೊಚ್ಚಲ ಹೆರಿಗೆಯಲ್ಲಿ ಸಿಬ್ಬಂದಿ ಗದರಿಸಿದ್ದಲ್ಲದೆ ಅಮ್ಮನನ್ನು ಬಾಗಿಲಾಚೆಯೇ ಕೂರಿಸಿದ್ದರಿಂದ, ಈ ಬಾರಿ ಮನೆಯಲ್ಲಿಯೇ ಆಗಲಿ ಎಂದು ಹಟ ಹಿಡಿದಿದ್ದಾಳೆ. ಊರಿನ ಸೂಲಗಿತ್ತಿ ಈಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನರ್ಸ್ ಮನೆಗೆ ಬರುವರೇ? ಮನೆಯಲ್ಲಿ ಹೆತ್ತರೆ ತಾಯಿ ಕಾರ್ಡಿನ ಸೌಲಭ್ಯಗಳು ತಪ್ಪುವವೇ?

ಉತ್ತರ 1 (ನಿವೃತ್ತ ಶುಶ್ರೂಷಕಿ)
ಮೊದಲೇ ದಿನ ಗೊತ್ತುಮಾಡಿ ನರ್ಸನ್ನು ಮನೆಗೆ ಕರೆಸಿಕೊಳ್ಳುವ ಸರ್ಕಾರಿ ವ್ಯವಸ್ಥೆ ನಮ್ಮಲ್ಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗಿನಿಂದ ಇಲಾಖೆಯ ಒತ್ತು ಆಸ್ಪತ್ರೆ ಹೆರಿಗೆಯ ಮೇಲೆಯೇ ಇದೆ. ಇದಕ್ಕೆ ಕಾರಣವೂ ಉಂಟು: ಮಗು ಹುಟ್ಟಿದ ಮೇಲೆ ಆಗುವ ಅತಿಯಾದ ರಕ್ತಸ್ರಾವ ಯಾರಿಗೆ ಬಂದೀತೆಂದು ಮುಂಚಿತವಾಗಿ ಹೇಳಲಾಗದು. ಮೊದಲ ಹೆರಿಗೆ ಸಲೀಸಾಗಿ ಆದವರಿಗೂ ಅದು ಬರುತ್ತದೆ, ಆಗ ಆಕ್ಸಿಟೋಸಿನ್ ಚುಚ್ಚುಮದ್ದು, ಡ್ರಿಪ್, ಕೆಲವೊಮ್ಮೆ ರಕ್ತ ಕೂಡ ಕೈಗೆಟಕುವಂತಿರಬೇಕು. ಘಟ್ಟದ ಮಳೆಯಲ್ಲಿ 108 ವಾಹನ ಬರುವವರೆಗೆ ಕಾಯುವ ಸಮಯ ಅದಲ್ಲ.
ಆದರೆ ನಿಮ್ಮ ತಂಗಿಯ ದೂರು ನ್ಯಾಯವಾದದ್ದು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸನ್ನು ಇರಗೊಡಬೇಕೆಂಬುದು ಕೇಂದ್ರ ಸರ್ಕಾರದ್ದೇ ಸೂಚನೆ. 2017ರ ‘ಲಕ್ಷ್ಯ’ ಕಾರ್ಯಕ್ರಮವೂ ಬಾಣಂತಿಯರನ್ನು ಗೌರವದಿಂದ ನಡೆಸಿಕೊಳ್ಳುವುದಕ್ಕೆ ಒತ್ತು ಕೊಡುತ್ತದೆ. ಪ್ರತಿ ತಿಂಗಳ 9ರಂದು ನಡೆಯುವ ತಪಾಸಣೆಗೆ ಅಮ್ಮನನ್ನೂ ಕರೆದೊಯ್ದು, ವೈದ್ಯಾಧಿಕಾರಿಯೊಡನೆ ಈ ಮಾತನ್ನು ಈಗಲೇ ನಿಷ್ಕರ್ಷೆ ಮಾಡಿಕೊಳ್ಳಿ. ನೋವು ಶುರುವಾದ ಮೇಲೆ ವಾದಿಸಲು ಯಾರಿಗೂ ವ್ಯವಧಾನ ಇರುವುದಿಲ್ಲ.

ಉತ್ತರ 2 (ಆಶಾ ಕಾರ್ಯಕರ್ತೆ)
ಮನೆಯಲ್ಲಿ ಹೆರಿಗೆಯಾಯಿತೆಂದು ಯಾವ ಆರೈಕೆಯನ್ನೂ ನಿರಾಕರಿಸುವಂತಿಲ್ಲ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ನಾವು 42 ದಿನಗಳೊಳಗೆ ಆರು ಭೇಟಿ ಕೊಡಬೇಕು. ಮನೆಯಲ್ಲಿ ಹೆತ್ತವರಿಗೆ ಮೊದಲ ದಿನದ ಭೇಟಿಯೂ ಸೇರಿ ಏಳು. ಬಿಪಿಎಲ್ ಕುಟುಂಬವಾದರೆ ಜನನಿ ಸುರಕ್ಷಾದಲ್ಲಿ 500 ರೂಪಾಯಿಯೂ ಇದೆ. ಹೆಪಟೈಟಿಸ್-ಬಿ ಲಸಿಕೆಯ ಮೊದಲ ಡೋಸನ್ನು 24 ಗಂಟೆಯೊಳಗೆ ಹಾಕಿಸಬೇಕಾದ್ದರಿಂದ ಕೂಡಲೇ ತಿಳಿಸಬೇಕು. ಜನನ ನೋಂದಣಿಗೆ 21 ದಿನಗಳ ಅವಧಿ ಇದ್ದು, ಆಸ್ಪತ್ರೆಯಲ್ಲಾದರೆ ಅವರೇ ಮಾಡುವ ಈ ಕೆಲಸವನ್ನು ಮನೆಯ ಯಜಮಾನರು ಮಾಡಬೇಕಾಗುತ್ತದೆ.

ಉತ್ತರ 3
ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆದರೆ ಅಂಥವರ ಜಾಗಕ್ಕೆ ಹಳ್ಳಿಗಳಲ್ಲಿ ಯಾರೂ ಬರಲಿಲ್ಲ ಎಂಬ ಕೊರಗು ನನ್ನದು. ಅದೇ ವರ್ಷ ಕೇಂದ್ರವು ಸೂಲಗಿತ್ತಿ ನರ್ಸ್‌ಗಳ ವಿಶೇಷ ತರಬೇತಿಗೆ ಮಾರ್ಗಸೂಚಿ ಹೊರಡಿಸಿತಾದರೂ ಅದು ಆಸ್ಪತ್ರೆಯೊಳಗಿನ ಸೇವೆಗೆ ಸಂಬಂಧಿಸಿದ್ದು. ಹೀಗಾಗಿ ತಾಲ್ಲೂಕು ಆಸ್ಪತ್ರೆಯ ಹತ್ತಿರ ನೆಂಟರ ಮನೆಯಿದ್ದರೆ ದಿನ ತುಂಬುವ ಎರಡು ವಾರ ಮೊದಲೇ ಅಲ್ಲಿಗೆ ಹೋಗಿರುವುದು ಲೇಸು.

ಪ್ರಶ್ನೆ ಕೇಳಿದವರು
ಪೇಟೆಯಲ್ಲಿ ಚಿಕ್ಕಮ್ಮನ ಮನೆಯಿದೆ. ಅಮ್ಮನನ್ನು ಒಳಗೆ ಬಿಡುವುದಾದರೆ ತಂಗಿ ಒಪ್ಪುವಳು. ಜೊತೆಗಿರುವವರಿಗೆ ನಿಬಂಧನೆಗಳೇನಾದರೂ ಇವೆಯೇ?

ಉತ್ತರ 1
ಹೆತ್ತ ಅನುಭವವುಳ್ಳ ಹೆಂಗಸಾಗಿರಬೇಕು, ಸೋಂಕು ರೋಗವಿರಬಾರದು, ನಡುನಡುವೆ ಬದಲಾಗದೆ ಕೊನೆಯವರೆಗೂ ಇರಬೇಕು. ಅಮ್ಮ ಧಾರಾಳವಾಗಿ ಇರಬಹುದು.