7075 ಅಲ್ಯೂಮಿನಿಯಂ ಹಾಳೆ ಬಿಸಿಯಲ್ಲೂ ಏಕೆ ಹರಿದುಹೋಯಿತು?

ಪ್ರಶ್ನೆ (ವಿದ್ಯಾರ್ಥಿ, ದಾವಣಗೆರೆ): ಮಾನ್ಯರೇ, ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ಅಂಗಡಿಯಿಂದ ತಂದ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯನ್ನು 500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಎಳೆದಾಗ, ಓದಿದ್ದಂತೆ ಹಲವು ಪಟ್ಟು ಹಿಗ್ಗದೆ ಬೇಗನೆ ಹರಿದುಹೋಯಿತು. ಉಷ್ಣತೆ ಸಾಲಲಿಲ್ಲವೇ?

ಉತ್ತರ 1 (ಉಪನ್ಯಾಸಕ, ಚಿತ್ರದುರ್ಗ): ಕೊರತೆ ಉಷ್ಣತೆಯದಲ್ಲ, ಬಹುಶಃ ಕಣರಚನೆಯದು, ಅಂದರೆ ಲೋಹದೊಳಗಿನ ಸಣ್ಣ ಸ್ಫಟಿಕಗಳ ಗಾತ್ರ ಮತ್ತು ಆಕಾರದ್ದು. ಸೂಪರ್‌ಪ್ಲಾಸ್ಟಿಕ್ ಹಿಗ್ಗುವಿಕೆಯಲ್ಲಿ (ನೀವು ಓದಿದ, ಹರಿಯದೆ ಹಲವು ಪಟ್ಟು ಹಿಗ್ಗುವ ಗುಣ) ಕಣಗಳು ತಾವು ಹೆಚ್ಚು ಉದ್ದವಾಗದೆ ತಮ್ಮ ಗಡಿಗಳ ಮೇಲೆ ಒಂದರ ಪಕ್ಕ ಒಂದು ಜಾರುತ್ತವೆ. ಅದಕ್ಕೆ ಅವು ಸುಮಾರು 10ರಿಂದ 15 ಮೈಕ್ರಾನಿನಷ್ಟು ಸಣ್ಣದಾಗಿ, ಎಲ್ಲ ದಿಕ್ಕಿಗೂ ಸಮನಾಗಿರಬೇಕು. ಸಾಮಾನ್ಯ ಹಾಳೆಯಲ್ಲಿ ಅವು ರೋಲಿಂಗ್ ದಿಕ್ಕಿಗೆ ಚಪ್ಪಟೆಯಾಗಿ ಚಾಚಿರುತ್ತವೆ. ಆದ್ದರಿಂದ ಮೊದಲು ದ್ರಾವಣ ಉಪಚಾರ ನೀಡಿ (ಬೆರೆತ ಧಾತುಗಳು ಅಲ್ಯೂಮಿನಿಯಂನಲ್ಲಿ ಕರಗುವಂತೆ ಕಾಯಿಸಿ), ಸುಮಾರು 400 ಡಿಗ್ರಿಯಲ್ಲಿ ದಪ್ಪ ಅವಕ್ಷೇಪಗಳನ್ನು (ಆ ಧಾತುಗಳಿಂದ ಬೇರ್ಪಟ್ಟು ರೂಪುಗೊಳ್ಳುವ ಕಣಿಕೆಗಳನ್ನು) ಬೆಳೆಸಿ, ಮಂದ ಬಿಸಿಯಲ್ಲಿ ರೋಲ್ ಮಾಡಿ, ಬಳಿಕ ವೇಗವಾಗಿ ಕಾಯಿಸಿದರೆ, ಆ ಅವಕ್ಷೇಪಗಳ ಸುತ್ತ ಹೊಸ ಸಣ್ಣ ಕಣಗಳು ಹುಟ್ಟುತ್ತವೆ. ಕ್ರೋಮಿಯಂಭರಿತ ಸೂಕ್ಷ್ಮ ಕಣಿಕೆಗಳು ಅವುಗಳ ಗಡಿಗಳನ್ನು ಹಿಡಿದಿಡುತ್ತವೆ. ನಿಧಾನವಾಗಿ ಕಾಯಿಸಿದರೆ ಈ ಶ್ರಮವೆಲ್ಲ ವ್ಯರ್ಥ.

ಉತ್ತರ 2: ಎಳೆಯುವ ವೇಗವನ್ನೂ ಗಮನಿಸಿ. ಇದೇ ಬಗೆಯ ಇನ್ನೊಂದು ಮಿಶ್ರಲೋಹವಾದ 7475ರಲ್ಲಿ 516 ಡಿಗ್ರಿಯ ಸುಮಾರಿಗೆ ವಿಕೃತಿ ದರ (ಉದ್ದಕ್ಕೆ ಹೋಲಿಸಿದ ಹಿಗ್ಗುವ ವೇಗ) ಸೆಕೆಂಡಿಗೆ 0.0002ರಷ್ಟು ಮಾತ್ರ ಇರುತ್ತದೆ. ಕಣಗಡಿಗಳಲ್ಲಿ ಹುಟ್ಟುವ ಸಣ್ಣ ಟೊಳ್ಳುಗಳೇ ಕೊನೆಗೆ ಹಾಳೆ ಹರಿದುಹೋಗಲು ಕಾರಣವಾಗುವುದರಿಂದ, ಅವನ್ನು ತಡೆಯಲು ಅನಿಲದೊತ್ತಡದಿಂದ ರೂಪಿಸುವಾಗ ಹಾಳೆಯ ಹಿಂಬದಿಯಿಂದಲೂ ಒತ್ತಡ ಕೊಡುತ್ತಾರೆ.

ವಿದ್ಯಾರ್ಥಿ: ಧನ್ಯವಾದಗಳು. ಮೊದಲು ಮಾದರಿಯನ್ನು ಪಾಲಿಶ್ ಮಾಡಿ, ಎಚ್ ಮಾಡಿ (ಕಣಗಡಿಗಳು ಕಾಣುವಂತೆ ರಾಸಾಯನಿಕದಿಂದ ಮೇಲ್ಮೈ ಕೊರೆಯಿಸಿ), ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಅಳೆಯುತ್ತೇನೆ.