ಹಾರ್ಟಿನ 'ಸ್ಟ್ರೆಸ್ ಟೆಸ್ಟ್'ಗೆ 'ಒತ್ತಡ ಪರೀಕ್ಷೆ' ಅನ್ನೋದು ಸರೀನಾ?

ಎಲ್ರಿಗೂ ನಮಸ್ಕಾರ. ವಯಸ್ಸಾದವ್ರಿಗೆ ಅಂತ ಹಾರ್ಟ್ ಟೆಸ್ಟುಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೀತಿದ್ದೀನಿ, 'ಸ್ಟ್ರೆಸ್ ಟೆಸ್ಟ್' ಅನ್ನೋ ಕಡೆ ಬಂದು ನಿಂತಿದೆ (ನಡೆಸಿನೋ ಔಷಧಿ ಕೊಟ್ಟೋ ಹೃದಯಕ್ಕೆ ಹರಿಯೋ ರಕ್ತ ಹೆಚ್ಚೋ ಹಾಗೆ ಮಾಡಿ, ಎಲ್ಲಾದ್ರೂ ಸಾಲ್ತಿಲ್ವಾ ಅಂತ ನೋಡೋ ಟೆಸ್ಟ್ ಅದು). 'ಒತ್ತಡ ಪರೀಕ್ಷೆ' ಅಂತ ಬರೆದ್ರೆ ಎಪ್ಪತ್ತು ದಾಟಿದವ್ರು ಬಿಪಿ ನೋಡೋದು ಅನ್ಕೋತಾರೆ, ರಕ್ತದೊತ್ತಡ ಅನ್ನೋ ಪದ ಅಷ್ಟು ಬೇರೂರಿದೆ, ಇಲ್ಲಾಂದ್ರೆ "ನಂಗ್ಯಾವ ಟೆನ್ಷನ್ನೂ ಇಲ್ವಲ್ಲಪ್ಪ" ಅಂತಾರೆ.

'ಶ್ರಮ ಪರೀಕ್ಷೆ' ಅನ್ನಬಹುದು, ಎಲ್ರೂ ಟಿಎಂಟಿ ಅಂತ ಕರೆಯೋ ಟ್ರೆಡ್‌ಮಿಲ್ ಟೆಸ್ಟಿಗೆ ಅದು ಚೆನ್ನಾಗೇ ಹೊಂದತ್ತೆ. ಬ್ರೂಸ್ ಪದ್ಧತಿ ಅನ್ನೋ ಟ್ರೆಡ್‌ಮಿಲ್ ಕ್ರಮದಲ್ಲಿ 3 ನಿಮಿಷಕ್ಕೊಂದ್ಸಲ ವೇಗಾನೂ ಏರೂ ಎರಡೂ ಹೆಚ್ಚಾಗತ್ತೆ, 220ರಲ್ಲಿ ವಯಸ್ಸು ಕಳೆದು ಉಳಿದಿದ್ದರಲ್ಲಿ ಶೇ. 85ರಷ್ಟು ನಾಡಿಬಡಿತ ಮುಟ್ಬೇಕು, ಅಂದ್ರೆ 75ರ ಅಜ್ಜಂಗೆ ಸುಮಾರು 123. ಆದ್ರೆ ಮಂಡಿನೋವು, ಸೊಂಟನೋವು ಇರೋರು ಅಷ್ಟೆಲ್ಲ ನಡೆಯೋದುಂಟಾ! ಅವ್ರನ್ನ ಮಲಗ್ಸಿ ಅಡಿನೋಸಿನ್ನೋ ರೆಗಡಿನೋಸಾನ್ನೋ ಅನ್ನೋ ಔಷಧಿ ಕೊಡ್ತಾರೆ, ಆಮೇಲೆ ಐಸೊಟೋಪ್ (ಸ್ವಲ್ಪ ವಿಕಿರಣ ಸೂಸೋ ವಸ್ತು) ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ಮಾಡ್ತಾರೆ (ಈಗ ಹೆಚ್ಚಾಗಿ ಬಳಸೋದು ಟೆಕ್ನೀಷಿಯಂ, ಹಳೇ ಹೆಸರು 'ಥಾಲಿಯಂ ಸ್ಕ್ಯಾನ್' ಮಾತ್ರ ಬಿಟ್ಟಿಲ್ಲ). ಇಲ್ಲಿ ಶ್ರಮ ಎಲ್ಲಿದೆ ಹೇಳಿ. ಆ ಔಷಧಿ ಹೃದಯದ ರಕ್ತನಾಳಗಳನ್ನ ಹಿಗ್ಗಿಸತ್ತೆ, ಚೆನ್ನಾಗಿರೋ ನಾಳದಲ್ಲಿ ರಕ್ತ ಮೂರ್ನಾಲ್ಕು ಪಟ್ಟು ಹರಿಯತ್ತೆ, ಕಿರಿದಾದ ನಾಳದಲ್ಲಿ ಅಷ್ಟು ಏರಲ್ಲ, ಆ ಹೆಚ್ಚುಕಮ್ಮಿನೇ ಚಿತ್ರದಲ್ಲಿ ಕಾಣೋದು. ಡೋಬುಟಮಿನ್ ಅನ್ನೋ ಇನ್ನೊಂದು ಔಷಧಿ ಕೊಟ್ರೆ ಮಾತ್ರ ಹೃದಯ ನಿಜಕ್ಕೂ ಜೋರಾಗಿ ದುಡಿಯತ್ತೆ. ಅಂದ್ಹಾಗೆ ಅಡಿನೋಸಿನ್ ಟೆಸ್ಟಿಗೆ ಮುಂಚೆ 12ರಿಂದ 24 ಗಂಟೆ ಕಾಫಿ-ಟೀ ಕುಡಿಯೋ ಹಾಗಿಲ್ಲ, ಕೆಫೀನ್ ಆ ಔಷಧಿ ಕೆಲಸಕ್ಕೇ ಅಡ್ಡ ಬರತ್ತೆ, ನಮ್ಮ ಹಿರಿಯರಿಗೆ ಇದನ್ನ ಒಪ್ಸೋದೇ ದೊಡ್ಡ ಕೆಲಸ.

ಇನ್ನೊಂದು ತೊಡಕು ರಿಪೋರ್ಟಲ್ಲಿರೋ 'ರಿವರ್ಸಿಬಲ್ ಡಿಫೆಕ್ಟ್'. ಪದಕ್ಕೆ ಪದ ಇಟ್ಟು 'ಮರಳುವ ದೋಷ' ಅಂದ್ರೆ ಹೋದ ಕಾಯಿಲೆ ವಾಪಸ್ ಬಂತು ಅನ್ಸತ್ತೆ, 'ದೋಷ' ಅಂದ್ರಂತೂ ಕೆಲವ್ರು ಜಾತಕ ತೆಗೀತಾರೆ. ಇದ್ರ ಅರ್ಥ ಇಷ್ಟೇ: ಟೆಸ್ಟ್ ಹೊತ್ತಲ್ಲಿ ರಕ್ತ ಸಾಲದೆ ಹೋದ ಜಾಗಕ್ಕೆ ವಿಶ್ರಾಂತೀಲಿ ಸರಿಯಾಗಿ ಸಿಗ್ತಿದೆ, ಸ್ನಾಯು ಜೀವಂತ ಇದೆ. ಎರಡೂ ಸಲ ಖಾಲಿ ಕಂಡ್ರೆ ಅದು ಸಾಮಾನ್ಯವಾಗಿ ಹಳೇ ಹಾರ್ಟ್ ಅಟ್ಯಾಕಿನ ಕಲೆ. ನಾನು 'ರಕ್ತ ಸಾಲದ ಜಾಗ', 'ಕಲೆಗಟ್ಟಿದ ಜಾಗ' ಅಂತ ಬರೆಯೋಣ ಅಂತಿದ್ದೀನಿ, ಉದ್ದ ಆದ್ರೂ ಅರ್ಥ ಆಗತ್ತೆ.

ರಿಪೋರ್ಟಲ್ಲಿ ಬರೋ 'ಲೋ ರಿಸ್ಕ್'ಗೆ 'ಅಪಾಯ ಇಲ್ಲ' ಅಂತ ಬರೆಯೋದು ನನಗೆ ಒಪ್ಪಿಗೆ ಇಲ್ಲ. ಸ್ಕ್ಯಾನ್ ನಾರ್ಮಲ್ ಬಂದವ್ರಲ್ಲಿ ಮುಂದಿನ ಒಂದು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಹೃದಯದಿಂದ ಸಾವು ಆಗೋ ಸಾಧ್ಯತೆ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ, ತುಂಬ ವಯಸ್ಸಾದವ್ರಿಗೆ, ಶುಗರ್ ಇರೋರಿಗೆ ಸ್ವಲ್ಪ ಜಾಸ್ತಿ. ಸೊನ್ನೆ ಅಂತೂ ಅಲ್ಲ.

ಮುಖ್ಯ ಪ್ರಶ್ನೆಗೆ ಬರ್ತೀನಿ. ನಡಿಗೆಗೂ ಔಷಧಿಗೂ ಎರಡಕ್ಕೂ ಆಗೋ ಒಂದೇ ಪದ ಬೇಕು. 'ಕಸುವು ಪರೀಕ್ಷೆ' ಕೇಳೋಕೆ ಚೆಂದ, ಆದ್ರೆ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ನೋಡೋ ಪಂಪಿಂಗ್ ಬಲದ ಜೊತೆ ಕಲಸಿಹೋಗತ್ತೆ. 'ಹೃದಯದ ತಾಳಿಕೆ ಪರೀಕ್ಷೆ' ಹೇಗಿದೆ? ತಾಳಿಕೆ-ಬಾಳಿಕೆ ಅಂತ ಬಟ್ಟೆಬರೆಗೆ ಹೇಳೋದು ಗೊತ್ತು, ನಿಮ್ಮ ಕಡೆ ಮೈಗೂ ಹಾಗೆ ಹೇಳ್ತಾರಾ?